ಕುಳ್ಳಮ್ಮನ ಎಡೆಯ ಚಿಗಳಿ

ಬಾಣಲೆಯಲ್ಲಿ ಎಳ್ಳು ಸಿಡಿಯುವ ಸದ್ದನ್ನು ರೂಪಶ್ರೀ ಬಾಯಲ್ಲೇ ಮಾಡಬಲ್ಲಳು. ಅದರ ವಾಸನೆಯನ್ನು ಮಾತ್ರ ಯಾರ ಅಪ್ಪನಿಗೂ ಅಣಕಿಸಲು ಬಾರದು. ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತವಳ ಮೂಗಿಗೆ ಆ ವಾಸನೆ ಬಂದು, ಗಂಟಲಿಗಿಳಿದು, ಅಲ್ಲಿಂದ ಹೊಕ್ಕುಳಿನ ಕೆಳಗೆ ಮೂರು ತಿಂಗಳಿಂದ ಮಾತು ಬಿಟ್ಟು ಕೂತಿದ್ದ ಯಾವುದನ್ನೋ ಹೋಗಿ ತಟ್ಟಿತು. ಎದುರಿಗೆ ಅತ್ತೆ ಮಾಯಮ್ಮ ಕಾಲು ಚಾಚಿ ಕೂತು ಒರಳಿನಲ್ಲಿ ಚಿಗಳಿ ಕುಟ್ಟುತ್ತಿದ್ದಳು: ಹುರಿದ ಕರಿ ಎಳ್ಳು, ಬೆಲ್ಲ, ಚೂರು ಒಣಶುಂಠಿ, ಎಳ್ಳು ಎಣ್ಣೆ ಬಿಡುವ ತನಕ ಕುಟ್ಟಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿದರೆ ಆಯಿತು. ಮಿಕ್ಸಿ ಇದ್ದರೂ ಇವತ್ತು ಅದಕ್ಕೆ ರಜ. ಅತ್ತೆಯ ಅತ್ತೆ ಕುಳ್ಳಮ್ಮ ತೀರಿಕೊಂಡು ಮೂರು ವರ್ಷ. ಬದುಕಿದ್ದಾಗ ಮಿಕ್ಸಿಯ ಚಿಗಳಿಯನ್ನು ನಾಲಿಗೆಯ ಮೇಲಿಟ್ಟ ಕೂಡಲೇ ಕಂಡುಹಿಡಿದು ಉಗಿಯುತ್ತಿದ್ದ ಮುದುಕಿ. ಸತ್ತಮೇಲೆ ರುಚಿ ಬದಲಾಯಿಸಿರಲಾರಳು. ಇವತ್ತು ಮಹಾಲಯ ಅಮಾವಾಸ್ಯೆ, ಮಧ್ಯಾಹ್ನ ಅವಳು ಉಣ್ಣಲು ಬರುತ್ತಾಳೆ. "ಅಲ್ಲೇ ನಿಂತ್ಕೊ ಕಣವ್ವ, ಒಳೀಕ್ ಬರಬ್ಯಾಡ," ಅಂದಳು ಮಾಯಮ್ಮ, ಕುಟ್ಟುವುದನ್ನು ನಿಲ್ಲಿಸದೆಯೇ. "ಎಳ್ಳಿನ್ ಗಾಳಿನೂ ಹೀಟೇಯ. ಓಗಿ ಎಳನೀರ್ ಕುಡಿ, ನಿನ್ ಗಂಡ ಕೆತ್ತಿ ಮಡಗವ್ನೆ."

ಎಳನೀರು, ಮಜ್ಜಿಗೆ, ಸೌತೆಕಾಯಿ, ಬಾಳೆದಿಂಡು. ಎರಡು ತಿಂಗಳಿಂದ ಈ ಮನೆಯಲ್ಲಿ ಅವಳೊಳಗೆ ಹೋಗುವುದೆಲ್ಲ ತಂಪು. ಮಳೆ ಹಿಂದೆ ಸರಿದು, ಬೆಳಗಿನ ಹೊತ್ತು ಲಕ್ಷ್ಮಣತೀರ್ಥದ ಮೇಲಿಂದ ಮಂಜು ಎದ್ದು ಹನಗೋಡಿನ ಹೊಲಗಳ ಮೇಲೆ ಹಾಸಿಕೊಳ್ಳುವ ಕಾಲ; ಊರೆಲ್ಲ ಹುರುಳಿಕಟ್ಟಿನ ಸಾರು ಸೊರ್ರೆಂದು ಎಳೆದುಕೊಳ್ಳುವಾಗ ಅವಳ ಮುಂದೆ ಒಂದು ಲೋಟ ಮಜ್ಜಿಗೆ. ಪಾದಗಳು ಬಾವಿಯಿಂದ ಈಗಷ್ಟೇ ಸೇದಿ ಇಟ್ಟ ಹಾಗೆ ತಣ್ಣಗಿರುತ್ತಿದ್ದವು. ಕೈಬೆರಳ ತುದಿಗಳೂ. ಬೆಳಿಗ್ಗೆ ತಲೆ ಬಾಚಿದರೆ ಬಾಚಣಿಗೆಯಲ್ಲಿ ಅರ್ಧ ತಲೆ, ಗಲ್ಲದ ಕೆಳಗೆ ಎರಡು ಗಟ್ಟಿ ಕೂದಲು. ಇರಬೇಕಾದಲ್ಲಿ ಇರದೆ ಇರಬಾರದ ಕಡೆ ಹಾಜರಿ ಹಾಕುವ ಬುದ್ಧಿಯನ್ನು ಅವು ಅವಳಿಂದಲೇ ಕಲಿತಿರಬೇಕು. ಆ ಎರಡನ್ನು ಕನ್ನಡಿಯ ಮುಂದೆ ನಿಂತು ಕಿತ್ತುಕೊಳ್ಳುವಾಗ ಹಿಂದೆ ಬಂದು ನಿಂತ ಮಾಯಮ್ಮ, ನೋಡಿಯೂ ನೋಡದವಳಂತೆ, "ಗಂಡ್ ಕೂಸಾದ್ರೆ ತಾಯ್ಗೆ ಅಂಗಾಯ್ತದೆ ಬುಡು" ಅಂದಿದ್ದಳು. ಎಷ್ಟು ಪ್ರೀತಿಯಿಂದ ಅಂದಿದ್ದಳು! ಏಳು ವರ್ಷದಲ್ಲಿ ಮಾಯಮ್ಮನ ಬಾಯಲ್ಲಿ "ಬುಡು" ಎಂಬ ಮಾತು ಅಷ್ಟು ಮೆತ್ತಗೆ ಬಂದದ್ದು ಅದೇ ಮೊದಲು. ನಿಜವನ್ನು ರೂಪಶ್ರೀ ಅಲ್ಲೇ ಹೇಳಿಬಿಡಬೇಕಿತ್ತು. ಹೇಳದೆ, ಕಿತ್ತ ಕೂದಲನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

ಎಲ್ಲ ಶುರುವಾದದ್ದು ಶ್ರಾವಣದಲ್ಲಿ, ಹಿತ್ತಲ ಚಪ್ಪರದ ಕೆಳಗೆ, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದಾಗ. ಪಕ್ಕದಲ್ಲಿ ಕೂಲಿಗೆ ಬಂದಿದ್ದ, ಕಾಡಂಚಿನ ಬುಡಕಟ್ಟಿನವರ ಹಾಡಿಯ ಮಲ್ಲಿ. ಸೊಪ್ಪಿನ ಜಿಗುಟು ಕೈಗೆ ಕಪ್ಪಗೆ ಮೆತ್ತಿಕೊಂಡು, ಅದರ ಘಾಟು ಮೂಗಿಗೆ ಅಡರುತ್ತಿದ್ದ ಹೊತ್ತು. ಬೇಜಾರು ಕಳೆಯಲೆಂದು ರೂಪಶ್ರೀ ಮಿಮಿಕ್ರಿ ಶುರುಮಾಡಿದ್ದಳು. ಹುಣಸೂರಿನ ಕಾಲೇಜಿನಲ್ಲಿ ಮೂರು ವರ್ಷವೂ ಮೊದಲ ಬಹುಮಾನ ತೆಗೆದವಳು. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಹೊಗೆಸೊಪ್ಪು ಹರಾಜಿನವರ ತಡೆಯಿಲ್ಲದ ಮಂತ್ರ, ಎಲ್ಲ ಅವಳ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದವು. ಅವತ್ತು ನಾದಿನಿಯ ಸರದಿ. ಕೆ.ಆರ್. ನಗರಕ್ಕೆ ಕೊಟ್ಟ ಕಾವ್ಯಶ್ರೀ ಹಿಂದಿನ ವರ್ಷ ಬಸುರಿಯಾಗಿ ತವರಿಗೆ ಬಂದು ವಾಂತಿ ಮಾಡಿಕೊಳ್ಳುತ್ತಿದ್ದ ಚಂದ: ಮೊದಲು ಎರಡು ಸಣ್ಣ ಬಿಕ್ಕಳಿಕೆ, ಆಮೇಲೆ "ಅವ್ವಾ" ಎಂಬ ರಾಗ, ಆಮೇಲೆ ಊರಿಗೇ ಕೇಳುವಂಥ ಓಕರಿಕೆ. ಮಲ್ಲಿ ದಾರ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ತೊಟ್ಟಿಯ ಹತ್ತಿರ ಬಿಂದಿಗೆ ತೊಳೆಯುತ್ತಿದ್ದ ಮಾಯಮ್ಮ ನಗಲಿಲ್ಲ. ಬಿಂದಿಗೆ ಅಲ್ಲೇ ಬಿಟ್ಟು ಓಡಿಬಂದು, ಸೊಸೆಯ ಬೆನ್ನು ನೀವುತ್ತ, "ಎಷ್ಟ್ ದಿನ ಆಯ್ತವ್ವ ನಿಂತು?" ಅಂದಿದ್ದಳು. ಆಗ ಮುಟ್ಟು ನಿಂತು ನಲವತ್ತು ದಿನವೇ ಆಗಿತ್ತು, ಅದು ನಿಜ. ಆ ನಿಜವನ್ನು ಮಾತ್ರ ಹೇಳಿ, ಉಳಿದ ಅರ್ಧವನ್ನು ನಗುವಿನ ಜೊತೆ ನುಂಗಿಕೊಂಡಳು. ಜೋಕು ಅಂತ ಹೇಳಲು ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ಬೆನ್ನ ಮೇಲಿದ್ದ ಒರಟು ಕೈ ಬೆಚ್ಚಗಿತ್ತು.

ಮಿಮಿಕ್ರಿಯ ಕಷ್ಟ ಏನೆಂದರೆ ಚಪ್ಪಾಳೆ ಬಿದ್ದಮೇಲೆ ನಿಲ್ಲಿಸಲು ಮನಸ್ಸು ಬಾರದು. ಸಂಜೆಗೆ ಪ್ಲಾಸ್ಟಿಕ್ ಕುರ್ಚಿ ಬಂತು, ರಾತ್ರಿಗೆ ಕೆನೆಹಾಲು ಬಂತು. "ಮಗ" ಎಂಬ ಮಾತು, ಆವರೆಗೆ ಗಂಡ ಯತೀಶನಿಗೂ ಎಮ್ಮೆಕರುವಿಗೂ ಮೀಸಲಾಗಿದ್ದದ್ದು, ಅವಳಿಗೂ ಬಂತು. ತಿಂಗಳಾದ ಮೇಲೆ ಪರೀಕ್ಷೆಗೆ ಹುಣಸೂರಿಗೆ ಹೊರಟಾಗ ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದ್ದರಿಂದ ಯತೀಶ ಬರಲಾಗಲಿಲ್ಲ, ಒಬ್ಬಳೇ ಹೋದಳು. ಒಳಗೊಳಗೇ ಅವಳಿಗೂ ಒಂದು ಆಸೆ: ಯಾರಿಗೆ ಗೊತ್ತು, ಅಣಕಿಸಿದ್ದೇ ನಿಜವಾಗಿರಬಹುದು. ಸ್ಕ್ಯಾನಿಂಗಿನ ತಣ್ಣನೆ ಅಂಟು ಹೊಟ್ಟೆಯ ಮೇಲೆ ಸವರಿದ ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ್ದರು: "ಪ್ರೆಗ್ನೆನ್ಸಿ ಇಲ್ಲಮ್ಮ. ಹಾರ್ಮೋನು ಏರುಪೇರಾಗಿದೆ, ಅಷ್ಟೆ. ಎಷ್ಟೋ ಜನಕ್ಕಿದೆ, ಗಾಬರಿ ಬೇಡ. ಮಾತ್ರೆ ಬರೀತೀನಿ, ತಗೊಂಡ್ರೆ ಮುಟ್ಟು ಬರುತ್ತೆ. ಜೊತೆಗೆ ಊಟ ನೋಡ್ಕೊಳ್ಳಿ. ಚಳಿ ಶುರುವಾಗೋ ಕಾಲ, ತಣ್ಣಗಿರೋದು ಬಿಟ್ಟು ಬಿಸಿಬಿಸಿ ಉಣ್ಣಿ. ಎಳ್ಳು, ಹುರುಳಿ, ಮೆಂತ್ಯ, ಶುಂಠಿ. ಅದೇ ಔಷಧಿ ಅಲ್ಲ, ಔಷಧಿಗೆ ಒತ್ತಾಸೆ. ನಿಮ್ಮಜ್ಜಿ ಏನು ಕೊಡ್ತಿದ್ರೋ ಅದೇ ಕಣಮ್ಮ." ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ನಗು ಬಂದಿತ್ತು. ಡಾಕ್ಟರು ತಿನ್ನು ಅಂದದ್ದೂ ಅತ್ತೆ ತಿನ್ನಬೇಡ ಅಂದದ್ದೂ ಒಂದೇ ಪಟ್ಟಿ, ಕಾರ್ಬನ್ ಇಟ್ಟು ಬರೆದ ಹಾಗೆ. ನಕ್ಕದ್ದನ್ನು ಕಂಡು ಪಕ್ಕದ ಹೆಂಗಸು ತನ್ನ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು.

ಅವತ್ತು ಸಂಜೆ ಮಾಡಿದ್ದು ನೆನಪಾದಾಗಲೆಲ್ಲ ಕಿವಿ ಸುಡುತ್ತದೆ. ಮೈಯಲ್ಲಿ ಬೆಚ್ಚಗಾಗುವುದು ಅದೊಂದೇ ಜಾಗ. ಜಗಲಿಯಲ್ಲಿ ತಾಯಿ ಮಗ ಇಬ್ಬರೂ ಕಾದು ಕೂತಿದ್ದರು. "ಏನಂದ್ರು?" ಅಂದ ಯತೀಶ. ಅವಳು ಬ್ಯಾಗು ಕೆಳಗಿಟ್ಟು, ಕನ್ನಡಕ ಮೂಗಿನ ತುದಿಗೆ ಜಾರಿದಂತೆ ಕತ್ತೆತ್ತಿ, ಡಾಕ್ಟರಮ್ಮನ ಮೂಗುದನಿಯಲ್ಲಿ ಶುರುಮಾಡಿಯೇಬಿಟ್ಟಳು: "ಗಾಬರಿ ಬೇಡಮ್ಮ, ಎಲ್ಲ ಚೆನ್ನಾಗಿದೆ, ಎಷ್ಟೋ ಜನಕ್ಕಿದೆ!" ಮಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು, ಯತೀಶ ತೊಡೆ ತಟ್ಟಿಕೊಂಡು ನಕ್ಕ. ತನ್ನ ಬಾಯಿಂದ ಹೇಳಲಾಗದ ಸುಳ್ಳು ಇನ್ನೊಬ್ಬರ ದನಿಯಲ್ಲಿ ಎಷ್ಟು ಸಲೀಸಾಗಿ ಬಂತು! ಕೊಂಡು ತಂದ ಮಾತ್ರೆಯ ಪಟ್ಟಿ ಮದುವೆ ಸೀರೆಯ ಮಡಿಕೆಯಲ್ಲಿ ಹಾಗೇ ಕೂತಿತು; ಅದನ್ನು ಹೇಳಿಕೊಂಡದ್ದು ಮಲ್ಲಿಯೊಬ್ಬಳಿಗೆ. ನುಂಗಿದರೆ ಮುಟ್ಟು ಬರುತ್ತದೆ; ಬಂದರೆ ಸುಳ್ಳು ಹೊರಬೀಳುತ್ತದೆ. ತನ್ನ ಮೈಯೊಳಗಿನ ಒಂದು ಬಾಗಿಲನ್ನು ತಾನೇ ಅಡ್ಡ ಕೂತು ಮುಚ್ಚಿಕೊಂಡಿದ್ದಳು.

ಎಳನೀರಿನ ನೆವದಲ್ಲಿ ಹಿತ್ತಲಿಗೆ ಬಂದಳು. ನಿನ್ನೆ ಮುರಿದ ಸೊಪ್ಪು ಅಮಾವಾಸ್ಯೆ ಅಂತ ಕಾಯುವುದಿಲ್ಲವಾದ್ದರಿಂದ ಮಲ್ಲಿ ಒಬ್ಬಳೇ ಕಡ್ಡಿ ಕಟ್ಟುತ್ತಿದ್ದಳು. ಆಚೆ ಬ್ಯಾರನ್ನಿನ ಒಲೆಬಾಯಿಗೆ ಯತೀಶ ಸೌದೆ ನೂಕುತ್ತಿದ್ದ. ಹೊಗೆಸೊಪ್ಪು ಹದ ಮಾಡುವ ಆ ಎತ್ತರದ ಮನೆಗೆ ಊರವರು ಹೇಳುವ ಹೆಸರೂ, ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ಫಲ ಬಿಡದ ನೆಲಕ್ಕೂ ಹೆಂಗಸಿಗೂ ಇದ್ದ 'ಬ್ಯಾರನ್' ಎಂಬ ಪದವೂ ಕಿವಿಗೆ ಒಂದೇ ಅಂತ ಮದುವೆಯಾದ ಮೊದಲ ವರ್ಷ ಅವನಿಗೆ ಹೇಳಿ ನಗಿಸಿದ್ದಳು. ನಾಲ್ಕನೇ ವರ್ಷದಿಂದ ಆ ಜೋಕನ್ನು ಬಿಟ್ಟಳು. ಯತೀಶ ಕಿಟಕಿಯ ಗಾಜಿಗೆ ಮೂಗೊತ್ತಿ ಒಳಗಿನ ಥರ್ಮಾಮೀಟರು ಓದಿದ, ಗಾಳಿಕಿಂಡಿಯನ್ನು ಒಂದು ಬೆರಳಷ್ಟು ಸರಿಸಿದ. ಒಂದೊಂದೇ ಡಿಗ್ರಿ ಏರಿಸಬೇಕು. ಅವಸರ ಮಾಡಿದರೆ ಸೊಪ್ಪು ಹಸಿರಾಗೇ ಕೂತುಬಿಡುತ್ತದೆ, ತಣ್ಣಗಾಗಲು ಬಿಟ್ಟರೆ ಕೊಳೆಯುತ್ತದೆ. ಆರು ದಿನ ಒಂದು ಮನೆಯ ಬಿಸಿಯನ್ನು ಮಗುವಿನ ಜ್ವರ ನೋಡಿದ ಹಾಗೆ ನೋಡುತ್ತಾನೆ. ಒಳ್ಳೆಯವನು. ಒಮ್ಮೆಯೂ ಕೈ ಎತ್ತಿದವನಲ್ಲ, ಒಮ್ಮೆಯೂ "ನಿನ್ನಿಂದ" ಅಂದವನಲ್ಲ. ಹಾಸಿಗೆಯಲ್ಲಿ ಅವಳ ಪಾದ ತಗುಲಿದರೆ ಮಾತ್ರ "ಅಬ್ಬಾ, ಐಸು" ಅಂತ ಕಾಲನ್ನು ಆಚೆ ಎಳೆದುಕೊಳ್ಳುತ್ತಾನೆ. "ಬಿಸ್ಲಲ್ಲಿ ನಿಂತ್ಕಬ್ಯಾಡ ಕಣೆ," ಎಂದು ಅಲ್ಲಿಂದಲೇ ಕೂಗಿದ. "ಹೀಟಾಯ್ತದೆ!" ಬ್ಯಾರನ್ನಿನ ಒಲೆಬಾಯಿಂದ ಅವನ ಮುಖ ಕೆಂಪಗೆ ಹೊಳೆಯುತ್ತಿತ್ತು.

"ಕುಲಾವಿ ತಂದವ್ಳೆ ನಿನ್ ನಾದ್ನಿ," ಅಂದಳು ಮಲ್ಲಿ, ತಲೆಯೆತ್ತದೆ. "ಎಡೆ ಮುಂದ್ಕೆ ಮಡಗಿ ಇರೀಕರಿಗೆ ಯೋಳ್ತಾರಂತೆ, ನಿಮ್ ಕುಡಿ ಬತ್ತಾ ಅದೆ ಅಂತ. ಗೊತ್ತಾ?"

ಗೊತ್ತಿರಲಿಲ್ಲ. ಬೆಳಿಗ್ಗೆಯೇ ಕಾವ್ಯಶ್ರೀ ಮಗುವಿನೊಂದಿಗೆ ಬಂದಿಳಿದದ್ದು, ಅತ್ತೆಯ ಕಿವಿಯಲ್ಲಿ ಏನೋ ಉಸುರಿದ್ದು, ಇಬ್ಬರೂ ತನ್ನ ಹೊಟ್ಟೆಯ ಕಡೆ ನೋಡಿ ಮುಗುಳ್ನಕ್ಕಿದ್ದು ಈಗ ಅರ್ಥವಾಯಿತು. ಬದುಕಿದ್ದವರಿಗೆ ಹೇಳಿದ ಸುಳ್ಳಾದರೆ ಹೇಗೋ ಏಗಬಹುದು. ಸತ್ತವರಿಗೆ ಹೇಳಿದ್ದನ್ನು ಯಾರ ಹತ್ತಿರ ಹೋಗಿ ವಾಪಸು ತೆಗೆದುಕೊಳ್ಳುವುದು?

"ನೀ ಯಾರ್ಗೂ ಯೋಳಿಲ್ವಲ್ಲ ಮಲ್ಲಕ್ಕ?"

"ನಾ ಯಾಕ್ ಯೋಳ್ಲಿ? ಸೊಪ್ ಕಟ್ಟಾಕ್ ಬಂದವ್ನಿ, ಸುದ್ದಿ ಕಟ್ಟಾಕಲ್ಲ." ಮಲ್ಲಿ ಕಡ್ಡಿಯನ್ನು ತಿರುಗಿಸಿ ಇನ್ನೊಂದು ಮಗ್ಗುಲಿಗೆ ಸೊಪ್ಪು ಕೊಟ್ಟಳು. "ಒಂದ್ ದಾರಿ ಅದೆ. ಡಾಕ್ಟ್ರು ಕೊಟ್ಟ ಮಾತ್ರೆ ನುಂಗು. ಆದ್ಮೇಲೆ ಬಿದ್ದೋಯ್ತು ಅನ್ನು. ನಾಕ್ ದಿನ ಅಳ್ತಾರೆ, ಆಮೇಲೆ ಸುಮ್ಕಾಯ್ತಾರೆ. ಆದ್ರೆ ರೂಪವ್ವ," ಎಂದು ಈಗ ತಲೆಯೆತ್ತಿದಳು, "ಮಲ್ಲಿ ಕೊಟ್ಟಿದ್ದ್ ತಿಂದು ಬಿತ್ತು ಅಂತ ಮಾತ್ರ ಅನ್ನಿಸ್ಬ್ಯಾಡ. ನಂಗೆ ಒಂದ್ ಸಲ ಆಗದೆ."

ಆಗಿತ್ತು. ಕುಳ್ಳಮ್ಮ ಇನ್ನೂ ಬದುಕಿದ್ದಾಗ, ಕಾವ್ಯಶ್ರೀಯ ಮೊದಲ ಬಸಿರು ಎರಡೇ ತಿಂಗಳಿಗೆ ಹೋದಾಗ, ಹಿಂದಿನ ದಿನ ಮಲ್ಲಿಯ ಬುತ್ತಿಯಿಂದ ಅವಳು ಒಂದು ಹಿಡಿ ಬೇಯಿಸಿದ ಹುರುಳಿ ತಿಂದದ್ದು ಮಾಯಮ್ಮನಿಗೆ ನೆನಪಾಗಿತ್ತು. ಒಂದಿಡೀ ಹಂಗಾಮು ಮಲ್ಲಿಗೆ ಈ ಹಿತ್ತಲಿನ ಬೇಲಿ ತೆರೆಯಲಿಲ್ಲ. ಆಗ ರೂಪಶ್ರೀ ಏನು ಮಾಡಿದ್ದಳು? ಮಲ್ಲಿ ಬೇಲಿಯಾಚೆ ನಿಂತು "ನಾ ಏನ್ ಮಾಡ್ದೆ ಗೌಡ್ತಿ" ಅಂದದ್ದನ್ನು, ಆ ರಾಗವನ್ನು, ರಾತ್ರಿ ಊಟದ ಹೊತ್ತಿಗೆ ಮಾಡಿ ತೋರಿಸಿದ್ದಳು. ಎಲ್ಲರೂ ನಕ್ಕಿದ್ದರು. ಕುಳ್ಳಮ್ಮ ಒಬ್ಬಳು ನಕ್ಕಿರಲಿಲ್ಲ. ಬೊಚ್ಚುಬಾಯಲ್ಲಿ ಚಿಗಳಿ ಚೀಪುತ್ತ, "ಎಲ್ಲಾರ್ ದನೀನೂ ಬತ್ತದೆ ನಿಂಗೆ. ನಿಂದೆಲ್ಲಿ ಮಡಗಿದ್ದಿಯೇ?" ಅಂದಿದ್ದಳು. ಅದಕ್ಕೆ ರೂಪಶ್ರೀ ಥಟ್ಟನೆ ಕುಳ್ಳಮ್ಮನದೇ ದನಿಯಲ್ಲಿ, "ಒರಳ್ನಾಗೆ ಬಿದ್ದೋಗದೆ ಕಣೆ" ಅಂದು ಅವಳನ್ನೂ ನಗಿಸಿಬಿಟ್ಟಿದ್ದಳು. ಮುದುಕಿ ಕೆಮ್ಮುಕೆಮ್ಮುತ್ತ, "ನಾ ಸತ್ಮೇಲೆ ಎಡೆ ಇಕ್ಕಿ ಬಾಗ್ಲಾಕ್ತಿರಲ್ಲ, ಕೆಮ್ಮಿ ತೆಗೀರಿ. ಬಾಯ್ ತುಂಬ ಚಿಗಳಿ ಇರ್ತದೆ ನಂಗೆ" ಅಂದಿದ್ದಳು.

ಬಿದ್ದುಹೋಯಿತು ಅನ್ನುವುದು. ಇಲ್ಲದ್ದನ್ನು ಹುಟ್ಟಿಸಿದ್ದಾಯಿತು, ಈಗ ಇಲ್ಲದ್ದನ್ನು ಸಾಯಿಸುವುದು. ಮುಂದಿನ ಮಹಾಲಯಕ್ಕೆ ಅದಕ್ಕೂ ಒಂದು ಕುಡಿಎಲೆ ಹಾಕಿ ಹಾಲು ಬಿಡುತ್ತಾರೆ. ಮತ್ತೆ ಬಸುರಿ ಅನ್ನುವ ತನಕ ಮಜ್ಜಿಗೆ, ಸೌತೆಕಾಯಿ, ಅಯ್ಯೋ ಪಾಪ. ಅವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಮಾಯಮ್ಮನ ಮೇಲಲ್ಲ, ಮಲ್ಲಿಯ ಮೇಲಲ್ಲ, ಕೈಯಲ್ಲಿದ್ದ ಎಳನೀರಿನ ಮೇಲೆ. ಅದನ್ನು ಬೂದುಗುಂಬಳದ ಬುಡಕ್ಕೆ ಸುರಿದಳು. "ಅದ್ಕಾದ್ರೂ ಕುಡ್ಸು, ಅದು ತಂಪಿಂದೇಯ," ಅಂದಳು ಮಲ್ಲಿ.

ಹದಿಮೂರರಲ್ಲಿ, ಮೈನೆರೆದಾಗ, ರಾವಂದೂರಿನ ತವರಿನಲ್ಲಿ ಅವಳಿಗೆ ಒಸಗೆ ಮಾಡಿದ್ದರು. ದನದ ಕೊಟ್ಟಿಗೆಯ ಪಕ್ಕ ಹಸಿಸೊಪ್ಪಿನ ಗುಡಿಸಲು, ಅದರೊಳಗೆ ಹೊಸ ಚಾಪೆ, ನಾಚಿಕೆ, ಒಬ್ಬಳೇ. ನೋಡಲು ಬಂದ ಹೆಂಗಸರೆಲ್ಲ ಒಂದೊಂದು ತಟ್ಟೆ ತಂದು ತಿನ್ನಿಸಿದ್ದೇ ತಿನ್ನಿಸಿದ್ದು: ಕೊಬ್ಬರಿ ಬೆಲ್ಲ, ತುಪ್ಪದಲ್ಲಿ ತಿರುವಿದ ಮೆಂತ್ಯದ ಹಿಟ್ಟು, ಎಳ್ಳಿನ ಚಿಗಳಿ. "ಬೆಚ್ಗಿರ್ಲಿ ಕಣೆ ಒಳ್ಗೆ, ಸೊಂಟ ಗಟ್ಟಿಯಾಗ್ಲಿ" ಎಂದು ಅಜ್ಜಿ ಅವಳ ಬಾಯಿಗೆ ತುರುಕಿದ್ದ ಉಂಡೆಯ ಬಿಸಿ ಇನ್ನೂ ಅಂಗುಳಲ್ಲಿದೆ. ಬೆಲ್ಲ ಹಲ್ಲಿಗೆ ಅಂಟಿ, ಶುಂಠಿ ಮೂಗಿಗೇರಿ, ಕಿಬ್ಬೊಟ್ಟೆಯ ನೋವು ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಇಳಿದುಹೋಗಿತ್ತು. ಆಗ ಆ ಬಿಸಿ ಅವಳಿಗಾಗಿತ್ತು. ಅವಳ ಸೊಂಟಕ್ಕೆ, ಅವಳ ನೋವಿಗೆ. ಈಗ ಅವಳ ಹೊಟ್ಟೆ ಬೇರೆ ಯಾರೋ ಬರುವವರಿಗೆಂದು ಗುಡಿಸಿ ಬೀಗ ಹಾಕಿಟ್ಟ ಕೋಣೆ. ಕೋಣೆಗೆ ಚಳಿಯಾಗುತ್ತದೆಯೇ ಅಂತ ಯಾರು ಕೇಳುತ್ತಾರೆ? ಅವಳೂ ಕೇಳಿಕೊಂಡಿರಲಿಲ್ಲ. ಆ ಡಾಕ್ಟರಮ್ಮನ ದನಿಯನ್ನು ಅಷ್ಟು ಚೆನ್ನಾಗಿ ಹಿಡಿದವಳು, ಅವರು ಹೇಳಿದ್ದನ್ನು ಮಾತ್ರ ಹಿಡಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಡುಮನೆಯ ಮೂಲೆಯಲ್ಲಿ ಎಡೆ ಸಿದ್ಧವಾಯಿತು. ಮಾವನ ಫೋಟೋ, ಅದರ ಮುಂದೆ ಹೊಸ ಪಂಚೆ, ಒಂದು ಕಟ್ಟು ಬೀಡಿ. ಕುಳ್ಳಮ್ಮನ ಫೋಟೋ, ಅದರ ಮುಂದೆ ಹಸಿರು ಸೀರೆ. ಎರಡು ಬಾಳೆ ಎಲೆ, ಎಲೆ ತುಂಬ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಮುದುಕಿಯ ಎಲೆಯ ತುದಿಯಲ್ಲಿ ಏಳು ಚಿಗಳಿ, ಕಪ್ಪಗೆ, ಎಣ್ಣೆ ಹೊಳೆಯುತ್ತ. ಕಾವ್ಯಶ್ರೀ ಹಳದಿ ಕುಲಾವಿಯನ್ನು ತಂದು ಎರಡೂ ಎಲೆಯ ನಡುವೆ ಇಟ್ಟು, "ಅತ್ತಿಗೆ, ನಮ್ ಪಾಪುಂದು, ಒಂದೇ ಸಲ ಆಕಿರಾದು," ಎಂದು ಕಣ್ಣು ಮಿಟುಕಿಸಿದಳು. ಸಾಂಬ್ರಾಣಿ ಹೊಗೆಯಲ್ಲಿ ಎಲ್ಲರೂ ಅಡ್ಡಬಿದ್ದರು. ಮಾಯಮ್ಮ ಕೈಮುಗಿದು, "ಅತ್ತೆ, ಉಂಡ್ ಹೋಗಿ. ಬಾಗ್ಲು ತೆಗ್ದ್ಮೇಲೆ ಒಂದ್ ಸಂತೋಸದ್ ಸುದ್ದಿ ಯೋಳ್ತೀನಿ," ಅಂದಳು. ಮೊದಲು ಊಟ, ಆಮೇಲೆ ಸುದ್ದಿ. ಬದುಕಿದ್ದ ನೆಂಟರಿಗೂ ಮಾಯಮ್ಮ ಹಾಗೆಯೇ. ಇನ್ನು ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಬೇಕು. ಎಲೆಅಡಿಕೆ ಮೆಲ್ಲುವಷ್ಟು ಹೊತ್ತು ಒಳಗೆ ಒಂದು ನರಪಿಳ್ಳೆ ಇರಬಾರದು. ಯತೀಶ ಹೋದ, ಕಾವ್ಯಶ್ರೀ ಮಗುವನ್ನೆತ್ತಿಕೊಂಡು ಹೋದಳು, ಮಾಯಮ್ಮ ಹಿಂದಕ್ಕೆ ತಿರುಗದೆ ಹೊಸ್ತಿಲು ದಾಟಿದಳು; ತಿರುಗಿ ನೋಡಬಾರದು ಎಂಬುದು ಪದ್ಧತಿ. ರೂಪಶ್ರೀ ಎಲ್ಲರಿಗಿಂತ ಹಿಂದೆ ಇದ್ದಳು. ಒಂದು ಹೆಜ್ಜೆ ಎತ್ತಿದಳು, ಅದನ್ನು ಇದ್ದಲ್ಲೇ ಇಟ್ಟಳು. ಬಾಗಿಲು ಮುಚ್ಚಿತು.

ಕತ್ತಲೆಯಲ್ಲಿ ಎರಡು ದೀಪ. ಅವಳಿಗೆ ಹೆದರಿಕೆ ಆಗಬೇಕಿತ್ತು. ಬದಲಾಗಿ ಕಾಲೇಜಿನ ಸ್ಟೇಜಿನ ಪರದೆಯ ಹಿಂದೆ ನಿಂತ ಹಾಗನ್ನಿಸಿತು. ಆಚೆ ಜನ, ಈಚೆ ತಾನು, ಇನ್ನೂ ಯಾರ ದನಿಯನ್ನೂ ಹಾಕಿಕೊಂಡಿರದ ಆ ಅರೆಗಳಿಗೆ. ಕುಳ್ಳಮ್ಮನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಕುಲಾವಿಯನ್ನು ಎತ್ತಿ ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಅದರಲ್ಲಿ ಹಾಲಿನ ಹಳಸಲು ವಾಸನೆ, ಅದಕ್ಕೆ ಅವಳ ಕಣ್ಣು ತುಂಬಿತು, ಆಸೆ ಇರಲಿಲ್ಲ ಅಂತ ಯಾರು ಹೇಳಿದರು? ಆಸೆ ಬೇರೆ, ಇದು ಬೇರೆ. "ತಿಂತೀನಿ ಕಣಜ್ಜಿ," ಎಂದು ಪಿಸುಗುಟ್ಟಿ ಒಂದು ಚಿಗಳಿ ಬಾಯಿಗಿಟ್ಟಳು. ಎಳ್ಳು ಹಲ್ಲಿನಡಿ ಒಡೆಯಿತು. ಎಣ್ಣೆ, ಬೆಲ್ಲ, ಆಮೇಲೆ ತಡವಾಗಿ ಶುಂಠಿ. ಅಂಗುಳಿಂದ ಬಿಸಿ ಇಳಿಯುತ್ತ ಇಳಿಯುತ್ತ ಎಲ್ಲಿಗೆ ಹೋಗುತ್ತದೆಂದು ಅವಳು ಕಣ್ಣುಮುಚ್ಚಿ ಹಿಂಬಾಲಿಸಿದಳು. ಒಂದು ಉಂಡೆಯಿಂದ ಏನೂ ಸರಿಯಾಗುವುದಿಲ್ಲ, ಅಷ್ಟು ಗೊತ್ತು. ಡಿಗ್ರಿ ಒಂದೊಂದೇ ಏರಬೇಕು. ಆದರೆ ಮೊದಲ ಡಿಗ್ರಿ ಎಂಬುದೊಂದು ಇರುತ್ತದಲ್ಲ.

ಹೊರಗೆ ಕೆಮ್ಮು. ಬಾಗಿಲ ಮೇಲೆ ಮೂರು ಸಲ ಬೆರಳು. "ಅತ್ತೆ, ಉಂಡಾಯ್ತಾ?" ಮಾಯಮ್ಮನ ದನಿಯಲ್ಲಿ ಪ್ರತಿವರ್ಷದ ಭಯಭಕ್ತಿ, ಪ್ರತಿವರ್ಷ ಅದಕ್ಕೆ ಉತ್ತರ ಬರುವುದಿಲ್ಲ.

ಉತ್ತರ ರೂಪಶ್ರೀಯ ಗಂಟಲಿನಲ್ಲಿ ತಯಾರಾಗಿತ್ತು. ಅದನ್ನು ಅವಳು ಕರೆಯಲೂ ಇಲ್ಲ, ತಾನಾಗಿ ಬಂದು ನಾಲಿಗೆಯ ಬುಡದಲ್ಲಿ ಕೂತಿತ್ತು: ಕುಳ್ಳಮ್ಮನ ಬೊಚ್ಚುಬಾಯಿ, ಮಾತಿನ ಮೊದಲಿಗೆ ತುಟಿ ಚಪ್ಪರಿಸುವ ಸದ್ದು, "ಮಾಯೀ" ಎಂದು ಎಳೆಯುವ ರಾಗ. ಇಷ್ಟೇ ಸಾಕು: ಮಾಯೀ, ನನ್ ಚಿಗಳೀಯ ಈ ಮಗಿಗೆ ತಿನ್ನುಸ್ರೇ, ಇವ್ಳ ಹೊಟ್ಟೇಲಿ ಏನೂ ಇಲ್ಲ ಕಣ್ರೇ, ಇವ್ಳ ಬೈಬ್ಯಾಡ್ರೇ. ಬಾಗಿಲಾಚೆ ಮಾಯಮ್ಮ ನೆಲಕ್ಕೆ ಬೀಳುತ್ತಾಳೆ, ಯತೀಶ ಕೈಮುಗಿಯುತ್ತಾನೆ, ಊರು ತುಂಬ ಸುದ್ದಿಯಾಗುತ್ತದೆ, ನಾಳೆಯಿಂದ ಮೂರು ಹೊತ್ತೂ ಎಳ್ಳು, ಹುರುಳಿ, ಮೆಂತ್ಯ. ಯಾರೂ ಅಳುವುದಿಲ್ಲ, ಯಾರೂ ಬೈಯುವುದಿಲ್ಲ. ಜೀವಮಾನದ ಮಿಮಿಕ್ರಿ. ತುಟಿ ಚಪ್ಪರಿಸಲು ಬಾಯಿ ತೆರೆದಳು. ಎದುರಿಗೆ ಫೋಟೋದಲ್ಲಿ ಮುದುಕಿ, ದೀಪ ಅಲುಗಿದ್ದಕ್ಕೋ ಏನೋ, ಅವತ್ತು ರಾತ್ರಿ ನಗದಿದ್ದ ಹಾಗೆಯೇ ನೋಡುತ್ತಿದ್ದಳು. ರೂಪಶ್ರೀ ಆ ದನಿಯನ್ನು ಎಳ್ಳಿನ ಜೊತೆ ನುಂಗಿದಳು.

"ಇನ್ನೂ ಆಗಿಲ್ಲ ಕಣತ್ತೆ," ಅಂದಳು. ತನ್ನ ದನಿ ಇಷ್ಟು ದಪ್ಪಗಿದೆಯೇ? ಅವಳಿಗೇ ಅಚ್ಚರಿ. "ನಾನು. ರೂಪ. ಒಳ್ಗೇ ಇವ್ನಿ. ತೆಗೀರಿ."

ಬಾಗಿಲು ತೆರೆದು ಬಿಸಿಲು ದಬದಬ ಒಳಗೆ ಬಿತ್ತು. ಮಾಯಮ್ಮ ಮೊದಲು ನೋಡಿದ್ದು ಎಲೆಯನ್ನು. "ಅಯ್ಯಯ್ಯೋ, ಇರೀಕರ್ ಎಡೇನ ಎಂಜ್ಲು ಮಾಡ್ಬುಟ್ಟಲ್ಲೇ!" ಆಮೇಲೆ ಸೊಸೆಯ ಬಾಯನ್ನು, ತುಟಿಯ ಮೇಲಿನ ಕಪ್ಪು ಎಳ್ಳನ್ನು. "ಎಳ್ಳು! ಉಗಿಯೇ, ಉಗಿ! ಕೂಸಿಗೆ ಏನಾರ ಆದ್ರೆ..." ಎಂದು ಓಡಿಬಂದು ಬಾಯಿಗೆ ಬೆರಳು ಹಾಕಲು ಹೋದಳು. ರೂಪಶ್ರೀ ಆ ಕೈಯನ್ನು ಹಿಡಿದುಕೊಂಡಳು. ಶ್ರಾವಣದಲ್ಲಿ ಬೆನ್ನು ನೀವಿದ್ದ ಅದೇ ಒರಟು ಕೈ.

"ಕೂಸಿಲ್ಲ ಕಣತ್ತೆ. ಯಾವತ್ತೂ ಇರ್ನಿಲ್ಲ. ಚಪ್ಪರ್ದಾಗೆ ಓಕರಿಸ್ದ್ನಲ್ಲ, ಅದು ಕಾವ್ಯನ್ ಮಿಮಿಕ್ರಿ. ನೀವ್ ನಂಬುದ್ರಿ, ನಾ ಸುಮ್ಕಾದೆ. ಡಾಕ್ಟ್ರು ಎಲ್ಲ ಸರಿ ಅದೆ ಅಂದ್ರು ಅಂದದ್ದೂ ಸುಳ್ಳು. ನನ್ ಮೈನಾಗೆ ಹಾರ್ಮೋನು ಏರುಪೇರು, ಅದ್ಕೇ ಮುಟ್ ನಿಂತದೆ. ಮಾತ್ರೆ ಕೊಟ್ಟವ್ರೆ. ಇವತ್ತಿಂದ ತಗತೀನಿ. ಎಳ್ಳು, ಹುರುಳಿ ತಿನ್ನು ಅಂದವ್ರೆ. ತಿಂತೀನಿ."

"ನನ್ ಮಿಮಿಕ್ರಿನಾ?" ಅಂದಳು ಕಾವ್ಯಶ್ರೀ. ಮಗುವಿನ ತಲೆಯನ್ನು ಎದೆಗೊತ್ತಿಕೊಂಡಳು.

ಮಾಯಮ್ಮ ಅಲ್ಲೇ ಕುಸಿದು ಕೂತಳು. ಕೈ ಬಿಡಿಸಿಕೊಳ್ಳಲು ಮರೆತಿದ್ದಳು. "ಎರಡ್ ತಿಂಗ್ಳು," ಅಂದಳು, "ಎರಡ್ ತಿಂಗ್ಳು ನಾನು ಕೆನೆಹಾಲು..." ಬೈಗುಳ ಬರಲಿ, ಅದು ನ್ಯಾಯ. ರೂಪಶ್ರೀ ಕುಲಾವಿಯನ್ನು ಅತ್ತೆಯ ಮಡಿಲಲ್ಲಿ ಇಟ್ಟು, "ಇದ್ನ ಎತ್ತಿ ಮಡಗಿ. ಬೇಕಾದಾಗ ನಾನೇ ಕೇಳ್ತೀನಿ," ಅಂದಳು. "ಮಲ್ಲಕ್ಕನ್ ಬೈಬ್ಯಾಡಿ. ಅವ್ಳು ಏನೂ ಕೊಟ್ಟಿಲ್ಲ. ಹಿಂದ್ಲೂ ಅವ್ಳ್ ಹುರುಳಿಂದ ಏನೂ ಆಗಿರ್ನಿಲ್ಲ."

ಯತೀಶ ಹೊಸ್ತಿಲಲ್ಲೇ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟೋ ಅವಮಾನವೋ ಇನ್ನೂ ತೀರ್ಮಾನವಾಗಿರಲಿಲ್ಲ. "ನಾ... ಬ್ಯಾರನ್ ಹೀಟ್ ನೋಡ್ಕಂಡ್ ಬತ್ತೀನಿ," ಎಂದು ತಿರುಗಿದ.

"ನಿಂತ್ಕಳಿ," ಅಂದಳು. "ಅದ್ನ ಆಮ್ಯಾಕ್ ನೋಡಿರಂತೆ. ಮೊದ್ಲು ಬಂದು ನನ್ ಕಾಲ್ ಮುಟ್ಟಿ ನೋಡಿ, ಎಷ್ಟ್ ತಣ್ಗಾಗವೆ ಅಂತ."

ತಾಯಿಯ ಮುಂದೆ, ತಂಗಿಯ ಮುಂದೆ, ಫೋಟೋದಲ್ಲಿನ ಅಪ್ಪ ಅಜ್ಜಿಯರ ಮುಂದೆ ಹೆಂಡತಿಯ ಕಾಲು. ಯತೀಶ ಅವ್ವನನ್ನು ನೋಡಿದ. ಅವ್ವ ಕುಲಾವಿಯನ್ನು ನೋಡುತ್ತಿದ್ದಳು. ಹಿತ್ತಲ ಬಾಗಿಲಿನಲ್ಲಿ ಮಲ್ಲಿ, ಕೈಯೆಲ್ಲ ಸೊಪ್ಪಿನ ಕಪ್ಪು, ಒಳಗೆ ಬರುವ ಹಾಗಿಲ್ಲದೆ, ಹೋಗಲೂ ಮನಸ್ಸಿಲ್ಲದೆ ನಿಂತಿದ್ದಳು. ಅವನು ಹೊಸ್ತಿಲ ಈಚೆಗೆ ಒಂದು ಕಾಲಿಟ್ಟ. ಇನ್ನೊಂದು ಆಚೆಗೇ ಇತ್ತು.

"ಎಷ್ಟ್ ತಿಂದೆ?" ಎಂದಳು ಮಾಯಮ್ಮ ಕೊನೆಗೆ, ತಲೆಯೆತ್ತದೆ. ಬೈಗುಳವೋ, ಲೆಕ್ಕವೋ, ಕಾಳಜಿಯೋ, ಆ ದನಿಯನ್ನು ಯಾರೂ ಅಣಕಿಸುವಂತಿರಲಿಲ್ಲ.

"ಒಂದು," ಅಂದಳು ರೂಪಶ್ರೀ. ಕೈಚಾಚಿ ಕುಳ್ಳಮ್ಮನ ಎಲೆಯಿಂದ ಮತ್ತೊಂದು ಉಂಡೆ ಎತ್ತಿಕೊಂಡಳು. "ಇದು ಎರಡ್ನೇದು."

ಕಚ್ಚಿದಳು. ಎಳ್ಳು ಅವಳ ಹಲ್ಲಿನಲ್ಲಿ ಒಡೆಯುವುದು ಹಿತ್ತಲಿನವರೆಗೂ ಕೇಳಿಸುತ್ತಿತ್ತು.